ಫೀಸು ಕಳಿಸಿದರಷ್ಟೇ ಸಾಲದು
(ರೂವಿಯ ಸಭೆಯಲ್ಲಿ ಮಾಡಿದ ಭಾಷಣ)

 

ನಾವು ಒಮಾನಿನಲ್ಲಿ, ನಮ್ಮಲ್ಲಿ ಹಲವರ ಮಕ್ಕಳು ಊರಿನಲ್ಲಿ. ಫೀಸಿನ ಜೊತೆಗೆ ಶಾಲೆ ಹೇಗಿದೆ ಎಂದೂ ನಾವು ವಿಚಾರಿಸಬೇಕು. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ 13ರಿಂದ 15 ವರ್ಷದ ಶಾಲಾಮಕ್ಕಳಲ್ಲಿ ಶೇ. 8.5 ಮಂದಿ ತಂಬಾಕು ಬಳಸುತ್ತಾರೆ. ಅಮಲಿನ ದಾರಿ ಹಲವರಿಗೆ ಶುರುವಾಗುವುದು ಇಲ್ಲಿಂದಲೇ.

ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕೋಟ್ಪಾ ಕಾಯ್ದೆ ಹೇಳುತ್ತದೆ. ಗೇಟಿನೆದುರಿನ ಗೂಡಂಗಡಿಯಲ್ಲಿ ಏನು ಮಾರುತ್ತಾರೆಂದು ಮನೆಯವರು ನೋಡಲಿ. ಅದಕ್ಕಿಂತ ದೊಡ್ಡದು ಶಾಲೆಯ ಒಳಗಿನ ವಾತಾವರಣ. ಹೆಸರು ಹಿಡಿದು ಕರೆಯುವ, ಎರಡು ದಿನ ಬಾರದಿದ್ದರೆ ವಿಚಾರಿಸುವ ಟೀಚರ್ ಇದ್ದರೆ ಹುಡುಗನಿಗೆ ಶಾಲೆ ತನ್ನದೆನಿಸುತ್ತದೆ. ಎಲ್ಲರೆದುರು ಹೀಯಾಳಿಸಿದರೆ, ಸಿಕ್ಕಿಬಿದ್ದ ಕೂಡಲೇ ಟಿ.ಸಿ. ಕೊಟ್ಟರೆ, ಅವನಿಗೆ ಉಳಿಯುವುದು ಆ ಗೂಡಂಗಡಿಯ ಗೆಳೆಯರೇ.

ಶುಕ್ರವಾರ ನಮಗೆ ರಜೆ, ಊರಿನಲ್ಲಿ ಶಾಲೆ ಇದೆ.  ತಿಂಗಳಿಗೊಮ್ಮೆ ಕ್ಲಾಸ್ ಟೀಚರಿಗೆ ಫೋನ್ ಮಾಡೋಣ. ಮಾರ್ಕು ಎಷ್ಟು ಅಂತ ಮಾತ್ರ ಅಲ್ಲ, ಯಾರ ಜೊತೆ ಇರ್ತಾನೆ, ಎಷ್ಟು ದಿನ ಬಂದಿಲ್ಲ ಅಂತಲೂ ಕೇಳೋಣ. ತಪ್ಪು ಮಾಡಿದ್ದರೆ, "ಹೊರಗೆ ಹಾಕಬೇಡಿ, ಒಟ್ಟಿಗೆ ತಿದ್ದೋಣ" ಎಂದು ಕೇಳಿಕೊಳ್ಳೋಣ. ಮನೆಯವರಿಗೆ ದಿಕ್ಕು ತೋಚದಿದ್ದರೆ ಊರಿನಿಂದ 14446ಕ್ಕೆ ಕರೆ ಮಾಡಲಿ. ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.