ವಿಷಗಾಳಿಗೆ ಸಿಕ್ಕ ಯೋಧರು



ಪುರವರ ಹೋಬಳಿಯ ಮಾಜಿ ಸೈನಿಕರಿಗೆ ಈಗಷ್ಟೇ ಶಾಲು ಹೊದಿಸಿದೆವು. ಗುಂಡೇಟಿನ ಗಾಯ ಕಣ್ಣಿಗೆ ಕಾಣುತ್ತೆ, ವಿಷಗಾಳಿಯದು ಕಾಣೋದಿಲ್ಲ. 1915ರ ಏಪ್ರಿಲ್ 26ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನರು ಕ್ಲೋರಿನ್ ಬಿಟ್ಟಾಗ ನಮ್ಮ ಸಿಪಾಯಿಗಳಿಗೆ ಸರಿಯಾದ ಮುಖವಾಡವೇ ಇರಲಿಲ್ಲ. ಒದ್ದೆ ಬಟ್ಟೆಯೇ ಗತಿ. ಜಮಾದಾರ್ ಮೀರ್ ದಸ್ತ್ ಅವರು ಎಂಟು ಮಂದಿ ಅಧಿಕಾರಿಗಳನ್ನು ಹೊತ್ತು ತರಲು ನೆರವಾದರು. ವಿಕ್ಟೋರಿಯಾ ಕ್ರಾಸ್ ಬಂತು, ಗ್ಯಾಸಿನ ಬಾಧೆ ಮಾತ್ರ ಬಿಡಲಿಲ್ಲ.

ಯುದ್ಧವೇ ಇಲ್ಲದ ಕಾಸರಗೋಡಿನ ಪಡ್ರೆಯಲ್ಲಿ 2000ದವರೆಗೂ ಗೇರುತೋಟಕ್ಕೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನೊಂದವರಿಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ!

ನಮ್ಮ ಕಡಲೆಕಾಯಿ ಹೊಲದಲ್ಲಿ ಔಷಧಿ ಹೊಡೆಯೋರು ಇವತ್ತಿಗೂ ಮೂಗಿಗೆ ಟವೆಲ್ಲೇ ಕಟ್ಟೋದು. ಸಂಘದಲ್ಲಿ ಡಬ್ಬಿಯ ಜೊತೆ ಮುಖಗವಸು, ಕೈಗವಸನ್ನೂ ಕೊಡಿ ಎಂದು ಆಡಳಿತ ಮಂಡಳಿಯನ್ನು ನಾವು ಈ ವೇದಿಕೆಯಿಂದಲೇ ಕೇಳುತ್ತೇವೆ.