ತೆರೆಯ ಮೇಲಿನ ತಂತಿನಾದ



ಹಿಂದೊಮ್ಮೆ ಗುಂಡ್ಲುಪೇಟೆಯ ನೆಂಟರ ಮನೆಗೆ ಹೋಗಿದ್ದೆ. ಮೊಮ್ಮಗ ವಿದ್ಯುತ್ ಗಿಟಾರಿನ ಧ್ವನಿಮುದ್ರಿಕೆಯೊಂದನ್ನು ಹಾಕಿದ. ತಾತ ಗದರಿದರು: "ಸಾಹಿತ್ಯವಿಲ್ಲ, ಹಾಡುವವರಿಲ್ಲ, ಇದೂ ಒಂದು ಸಂಗೀತವೇನೋ? ನಿಲ್ಲಿಸು!" ಹುಡುಗ ನಿಲ್ಲಿಸಿದ. ಆ ದಿನವೆಲ್ಲ ಇಬ್ಬರಿಗೂ ಮಾತಿಲ್ಲ. ಈ ವ್ಯಾಜ್ಯವನ್ನು ಬಗೆಹರಿಸಬಹುದೇ, ನೋಡೋಣ.

ಹುಡುಗ ಹಾಕಿದ್ದು 'ಸರ್ಫ್' ಸಂಗೀತ. ಸರ್ಫ್ ಎಂದರೆ ದಡಕ್ಕೆ ಬಂದು ಒಡೆಯುವ ತೆರೆ. ಚಾಮರಾಜನಗರದವರಾದ ನಮಗೆ ಕಡಲು ದೂರ. ಅಮೆರಿಕದ ಕ್ಯಾಲಿಫೋರ್ನಿಯದ ತರುಣರಾದರೋ ಹಲಗೆಯ ಮೇಲೆ ನಿಂತು ತೆರೆಯೊಡನೆ ಜಾರುತ್ತಾರೆ. ಆ ರಭಸವನ್ನು ಮಾತಿನ ಹಂಗಿಲ್ಲದೆ ತಂತಿಯಲ್ಲೇ ನುಡಿಸಲು ಹೊರಟವನು ಡಿಕ್ ಡೇಲ್. 1963ರಲ್ಲಿ ಶಾಂಟೇಸ್ ಎಂಬ ಶಾಲಾಬಾಲಕರ ಮೇಳದ 'ಪೈಪ್‌ಲೈನ್' ಮನೆಮಾತಾಯಿತು. ಈ ಮೇಳಗಳ ಒದ್ದೆಯಾದಂಥ ನಾದದ ಗುಟ್ಟು ಒಂದು ಪೆಟ್ಟಿಗೆಯಲ್ಲಿದೆ. ಗಿಟಾರಿನ ಧ್ವನಿ ಅದರೊಳಗಿನ ಸುರುಳಿ ಸ್ಪ್ರಿಂಗುಗಳಲ್ಲಿ ಹಾದು, ಅತ್ತಿತ್ತ ಪುಟಿದು, ತುಸು ತಡವಾಗಿ ಹೊರಬರುತ್ತದೆ. ಬಾವಿಗೆ ಬಾಗಿ ಕೂಗಿದಂತೆ!

ಈಗ ತಾತನವರು ಕೇಳಬೇಕಾದ ಸಂಗತಿ. ಡೇಲ್‌ನ ತಂದೆ ಲೆಬನಾನ್ ಮೂಲದವರು. ಅವನು 1962ರಲ್ಲಿ ಮುದ್ರಿಸಿದ 'ಮಿಸಿರ್ಲೂ' ಪೂರ್ವ ಮೆಡಿಟರೇನಿಯನ್ ತೀರದ ಹಳೆಯ ಮಟ್ಟು. ಅದರ ಸ್ವರಗಳು ಯಾವುವು ಬಲ್ಲಿರಾ? ನಮ್ಮ ಮಕ್ಕಳು ಸರಳೆ ವರಸೆ ಕಲಿಯುವ ಮಾಯಾಮಾಳವಗೌಳದ ಸ್ವರಗಳೇ! ಗಮಕ ಬೇರೆ, ನಡೆ ಬೇರೆ. ಸ್ವರಸ್ಥಾನಗಳು ಮಾತ್ರ ಅವೇ.

ಇನ್ನೊಂದು ಮಾತು. ಡೇಲ್‌ಗೆ ನಾದ ಸಭೆಯ ಕೊನೆಯವರೆಗೂ ಮೊಳಗಬೇಕಿತ್ತು. ಲಿಯೋ ಫೆಂಡರ್ ಅವನಿಗಾಗಿ ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಮಾಡಿಕೊಟ್ಟರು. ಅದಕ್ಕೂ ಬಹಳ ಮೊದಲೇ, ನಮ್ಮ ನೆರೆಯ ತಿರುಮಕೂಡಲಿನ ಟಿ. ಚೌಡಯ್ಯನವರು ಅದೇ ಹಂಬಲದಿಂದ ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ಮಾಡಿದ್ದರು.

ಸಾಹಿತ್ಯವಿಲ್ಲವೆಂದು ಗದರಿದ ತಾತನವರು ಮದುವೆಯ ವಾಲಗದಲ್ಲಿ ನಾಗಸ್ವರದವರು ರಾಗವೆತ್ತಿದರೆ ತಲೆದೂಗುವವರೇ. ಅಲ್ಲಿ ಸಾಹಿತ್ಯವೆಲ್ಲಿ? ನಾವೆಲ್ಲ ಮಾತ್ರ ಊಟದ ಮಾತಿನಲ್ಲಿ ಮುಳುಗಿ ಆ ಕಲಾವಿದರತ್ತ ತಿರುಗಿಯೂ ನೋಡುವುದಿಲ್ಲ. ಕಿವಿಗೊಡದ ತಪ್ಪು ಮುದುಕರದು ಮಾತ್ರವಲ್ಲ.

ಆದ್ದರಿಂದ ನನ್ನ ತೀರ್ಪು ಇಷ್ಟೆ. ತಾತ ಒಂದು ಸಂಜೆ 'ಮಿಸಿರ್ಲೂ' ಕೇಳಲಿ. ಮೊಮ್ಮಗ ಮರುಸಂಜೆ ಚೌಡಯ್ಯನವರನ್ನು ಕೇಳಲಿ. ಇಬ್ಬರೂ ಒಂದೇ ಜಗಲಿಯಲ್ಲಿ ಕುಳಿತು ಕೇಳಲಿ. ಮಾತು ನಿಂತ ಮನೆಯಲ್ಲಿ ಮಾತಿಲ್ಲದ ಸಂಗೀತವೇ ಮಾತು ತರಬಹುದು.