ಇಪ್ಪತ್ತನೆಯ ದನಿಗೂ ಜಾಗ



ನಮ್ಮ ರಾಜ್ಯೋತ್ಸವದ ಹಾಡಿನ ಸ್ಪರ್ಧೆಯಲ್ಲಿ ಬಹುಮಾನ ಸಂಗೀತ ಕಲಿತ ನಾಲ್ಕು ಮಕ್ಕಳಿಗೇ ಹೋಗುತ್ತದೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಒಂಬತ್ತನೇ ತರಗತಿಗೆ ಬಂದರೆ ಟ್ಯೂಷನ್ ಅಂತ ಸಂಘದ ಕಡೆಗೇ ಬರುವುದಿಲ್ಲ. ಚೆನ್ನೈನಲ್ಲಿ ಬೆಳೆದ ಈ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಇವರಿಗಾಗಿ ಒಂದು ಪ್ರೌಢಶಾಲಾ ವೃಂದಗಾನ ಸ್ಪರ್ಧೆ ನಡೆಸೋಣ ಎಂಬುದು ನನ್ನ ಕೋರಿಕೆ.

ಜಪಾನಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆ 1932ರಲ್ಲಿ ಆರಂಭಿಸಿದ ಶಾಲಾ ಹಾಡಿನ ಸ್ಪರ್ಧೆ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಪ್ರೌಢಶಾಲೆಗಳಿಗೇ ಪ್ರತ್ಯೇಕ ವಿಭಾಗವಿದೆ. ಪ್ರತಿ ತಂಡ ಎರಡು ಹಾಡು ಹಾಡಬೇಕು: ಒಂದು ಎಲ್ಲರಿಗೂ ಗೊತ್ತುಮಾಡಿದ್ದು, ಇನ್ನೊಂದು ತಂಡದ ಆಯ್ಕೆ. ಹೀಗಾಗಿ ದೇಶದ ಮೂಲೆಮೂಲೆಯ ಮಕ್ಕಳು ಆ ವರ್ಷ ಒಂದೇ ಹಾಡು ಕಲಿಯುತ್ತಾರೆ.

ವೃಂದಗಾನದಲ್ಲಿ ಒಬ್ಬರದೇ ದನಿ ಮೇಲೆದ್ದರೆ ಹಾಡು ಕೆಡುತ್ತದೆ. ಉದ್ದದ ಸ್ವರದಲ್ಲಿ ಒಬ್ಬಳು ಉಸಿರೆಳೆದುಕೊಳ್ಳುವಾಗ ಪಕ್ಕದವಳು ಸ್ವರ ಹಿಡಿದಿರುತ್ತಾಳೆ; ಕೇಳುವವರಿಗೆ ಎಲ್ಲೂ ತುಂಡಾಗುವುದಿಲ್ಲ. ಕನ್ನಡವೂ ಹಾಗೆಯೇ, ಪಕ್ಕದವರ ಬಾಯಿಂದ ಕಿವಿಗೆ ಬಂದು ನಾಲಿಗೆಯಲ್ಲಿ ಕೂರುತ್ತದೆ. ‘ಳ’ಕಾರ, ‘ಹ’ಕಾರ ತಾನಾಗಿ ತಿದ್ದಿಕೊಳ್ಳುತ್ತವೆ.

ಇದು ನಮ್ಮ ಊರಿಗೆ ಹೊಸದಲ್ಲ. ಎಂ. ಬಿ. ಶ್ರೀನಿವಾಸನ್ 1971ರಲ್ಲಿ ಇಲ್ಲಿಯೇ ಮದ್ರಾಸ್ ಯೂತ್ ಕಾಯರ್ ಕಟ್ಟಿ, ಹಲವು ಭಾರತೀಯ ಭಾಷೆಗಳಲ್ಲಿ ವೃಂದಗಾನ ಹಾಡಿಸಿದರು.

ನಮ್ಮಲ್ಲೂ ಎರಡು ಹಾಡಿರಲಿ, ಒಂದು ಎಲ್ಲ ತಂಡಕ್ಕೂ ಸಾಮಾನ್ಯ. ಅಂಕ ಹೊಂದಾಣಿಕೆಗೆ, ಉಚ್ಚಾರಣೆಗೆ. ಬಹುಮಾನ ಕೊಟ್ಟ ಮೇಲೆ, ಗೆದ್ದವರು ಸೋತವರು ಸೇರಿ ಆ ಸಾಮಾನ್ಯ ಹಾಡನ್ನು ಹಾಡಲಿ. ಅಮ್ಮಂದಿರಾದ ನಾವೂ ದನಿಗೂಡಿಸೋಣ. ಭಾನುವಾರದ ಒಂದು ಗಂಟೆ ಅಭ್ಯಾಸಕ್ಕೆ ಮಕ್ಕಳನ್ನು ಕಳಿಸಿಕೊಡಿ.